ಮೂರನೇ ಸೌಟಿನ ಲೆಕ್ಕ ಕೊಟ್ಟವರಿಗೆ ಧನ್ಯವಾದ

ತೂಕ ಇಳಿಸುವವರಿಗೆ ಫೋನಿನಲ್ಲೇ ಸಲಹೆ ಕೊಡುವ ನಮ್ಮ ಆರು ತಿಂಗಳ ಸುತ್ತು ಈ ವಾರ ಮುಗಿಯಿತು. ಕಾರವಾರ, ಅಂಕೋಲಾ, ಕುಮಟಾ, ಶಿರಸಿ ಕಡೆಯಿಂದ ವಾರವಾರ ಮಾತಿಗೆ ಸಿಕ್ಕ ಎಲ್ಲರಿಗೂ ಮನಸಾರೆ ಧನ್ಯವಾದ.

ಫೋನಿನಲ್ಲಿ ತಟ್ಟೆ ಕಾಣುವುದಿಲ್ಲ. "ಊಟ ಕಡಿಮೆ ಮಾಡಿದಿರಾ?" ಎಂದರೆ ಎಲ್ಲರೂ ಹೌದು ಎನ್ನುತ್ತಾರೆ. "ನಿನ್ನೆ ರಾತ್ರಿ ಎಷ್ಟು ಸೌಟು ಅನ್ನ?" ಎಂದರೆ ಮಾತ್ರ ಲೆಕ್ಕ ಹೊರಬೀಳುತ್ತದೆ. ಸಾರಿಗೆ ಎರಡು ಅಂದು, ಸ್ವಲ್ಪ ತಡೆದು, "ಮಜ್ಜಿಗೆಗೆ ಇನ್ನೊಂದು" ಎಂದು ಸೇರಿಸಿದಿರಲ್ಲ, ಆ ಮೂರನೇ ಸೌಟಿಗೆ ನಾವು ಋಣಿ. ಅದನ್ನು ಬಚ್ಚಿಟ್ಟಿದ್ದರೆ ನಮ್ಮ ಸಲಹೆಯೆಲ್ಲ ದಾರಿ ತಪ್ಪುತ್ತಿತ್ತು. ಚಹಾದ್ದೂ ಅದೇ ಕಥೆ: ದಿನಕ್ಕೆ ಐದು ಲೋಟ, ಲೋಟಕ್ಕೆ ಎರಡು ಚಮಚ ಸಕ್ಕರೆ ಅಂದರೆ 50 ಗ್ರಾಂ, ಸುಮಾರು 200 ಕ್ಯಾಲೊರಿ.

ಅಡುಗೆಮನೆಯ ಅಕ್ಕ, ಅತ್ತೆ, ಅಮ್ಮಂದಿರಿಗೆ ಬೇರೆಯಾಗಿಯೇ ನಮಸ್ಕಾರ. ತೂಕ ಇಳಿಯಬೇಕಾದದ್ದು ಒಬ್ಬರದು, ಕಾಯಿ ತುರಿಯುವ ಕೈ ಇನ್ನೊಬ್ಬರದು. 100 ಗ್ರಾಂ ಹಸಿ ಕಾಯಿತುರಿಯಲ್ಲಿ ಸುಮಾರು 350 ಕ್ಯಾಲೊರಿ ಇದೆ. ಕರಾವಳಿಯವರಿಗೆ ಕಾಯಿ ಬಿಡಿ ಎನ್ನುವುದು ನಡೆಯುವ ಮಾತಲ್ಲ; ನೀವು ಮಸಾಲೆಯ ಕಾಯಿ ಅರ್ಧಕ್ಕೆ ಇಳಿಸಿ, ಕೊತ್ತಂಬರಿ, ಮೆಣಸು, ಹುಳಿಯಲ್ಲಿ ರುಚಿ ಉಳಿಸಿದಿರಿ. ರವೆ ಎಣ್ಣೆ ಹೀರುತ್ತದೆಂದು ಬಂಗಡೆಗೆ ಬರೀ ಮಸಾಲೆ ಹಚ್ಚಿ ಕಾವಲಿಯಲ್ಲಿ ಎರಡು ಚಮಚ ಎಣ್ಣೆಗೆ ಬೇಯಿಸಿದಿರಿ. ಘಟ್ಟದ ಮೇಲಿನವರು ತೆಳ್ಳೇವು ಎಂಬ ತೆಳು ದೋಸೆಯ ಜೊತೆಗಿನ ಜೋನಿ (ದ್ರವ) ಬೆಲ್ಲವನ್ನು ಹಬ್ಬಕ್ಕೆಂದು ಎತ್ತಿಟ್ಟರು. ಅದು ಸಣ್ಣ ತ್ಯಾಗವಲ್ಲ!

ತೂಕದ ಯಂತ್ರವನ್ನು ಸಮನೆಲದ ಮೇಲಿಟ್ಟು, ವಾರಕ್ಕೊಮ್ಮೆ ಅದೇ ದಿನ, ಬೆಳಿಗ್ಗೆ ಶೌಚ ಮುಗಿಸಿ ಚಹಾ ಕುಡಿಯುವ ಮೊದಲೇ ನೋಡಿದವರಿಗೂ ಧನ್ಯವಾದ. ರಾತ್ರಿ ಒಣಮೀನು, ಉಪ್ಪಿನಕಾಯಿ ತಿಂದರೆ ದೇಹದಲ್ಲಿ ನೀರು ನಿಂತು ಬೆಳಿಗ್ಗೆ ಒಂದು ಕೆ.ಜಿ. ಹೆಚ್ಚು ತೋರಿಸಬಹುದು. ಅದು ಕೊಬ್ಬಲ್ಲ. ನಾಲ್ಕನೇ ತಿಂಗಳ ಹೊತ್ತಿಗೆ ಮುಳ್ಳು ನಿಂತಾಗಲೂ ನೀವು ಫೋನ್ ಎತ್ತಿದಿರಿ. ಹಗುರಾದ ದೇಹಕ್ಕೆ ಮೊದಲಿನಷ್ಟು ಶಕ್ತಿ ಬೇಡ. ಜೊತೆಗೆ ಸೌಟು ಗೊತ್ತಿಲ್ಲದೆ ಮತ್ತೆ ತುಂಬುತ್ತ ಬಂದಿರುತ್ತದೆ. ಆಗ ಒಂದು ವಾರ ಅಳೆದು ಬಡಿಸಿಕೊಂಡರೆ ಎಲ್ಲಿ ಏರಿದೆಯೆಂದು ತಿಳಿಯುತ್ತದೆ.

ಮಳೆಗಾಲದಲ್ಲಿ ಟಾಗೋರ್ ಕಡಲತೀರದ ನಡಿಗೆ ನಿಂತಾಗ ಜಗುಲಿಯಲ್ಲೇ ಹತ್ತು ಹತ್ತು ನಿಮಿಷ, ದಿನಕ್ಕೆ ಮೂರು ಸಲ ನಡೆದಿರಿ. ವಾರಕ್ಕೆ ಐದು ದಿನ ಹಾಗೆ ನಡೆದರೆ 150 ನಿಮಿಷ ಆಗುತ್ತದೆ.

ವೈದ್ಯರಿಗೆ ನಮ್ಮ ಋಣ ದೊಡ್ಡದು. ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ಗ್ಲಿಮೆಪಿರೈಡ್ ತೆಗೆದುಕೊಳ್ಳುವವರು ಊಟ ಇಳಿಸಿ ಔಷಧಿ ಹಾಗೇ ಇಟ್ಟರೆ ರಕ್ತದ ಸಕ್ಕರೆ ಕುಸಿದು ನಡುಕ, ಬೆವರು, ತಲೆಸುತ್ತು ಬರುತ್ತದೆ. ಊಟ ಬದಲಿಸುವ ಮೊದಲೇ ಡೋಸ್ ನೋಡಿಕೊಟ್ಟವರು ಅವರು. ಟೇಪು ಹಿಡಿದು ಮನೆಗೆ ಬಂದು ಸೊಂಟ ಅಳೆದ ಆಶಾ ಕಾರ್ಯಕರ್ತೆಯರನ್ನೂ ಮರೆಯಲಾರೆವು. ಗಂಡಸರಿಗೆ 90, ಹೆಂಗಸರಿಗೆ 80 ಸೆಂ.ಮೀ. ದಾಟಬಾರದೆಂಬುದು ಈಗ ಎಷ್ಟೋ ಮನೆಗಳಲ್ಲಿ ಬಾಯಿಪಾಠ.

ಸಿಗ್ನಲ್‌ಗಾಗಿ ಹೇಳಿದ ಹೊತ್ತಿಗೆ ಸರಿಯಾಗಿ ಗುಡ್ಡ ಹತ್ತಿ ನಿಂತ ಜೋಯಿಡಾ, ಸಿದ್ದಾಪುರದ ಕಡೆಯವರೇ, ಇನ್ನು ಮುಂದೆ ತಿಂಗಳಿಗೊಂದೇ ಕರೆ. ವಾರದ ತೂಕ ಬರೆಯುವುದನ್ನು ಬಿಡಬೇಡಿ, ಎರಡು ಕೆ.ಜಿ. ಏರಿದರೆ ನಮ್ಮ ಕರೆಗೆ ಕಾಯದೆ ನೀವೇ ಫೋನ್ ಮಾಡಿ.