ಮಗಳಿಗೊಂದು ಪತ್ರ: ಕಾಲಿಗಿಳಿದ ರಕ್ತ ಮೇಲೆ ಬರುವುದು ಹೇಗೆ?

ಪ್ರೀತಿಯ ಪುಟ್ಟಿ,

ಹೃದಯ ರಕ್ತವನ್ನು ಕೆಳಗೆ ತಳ್ಳುತ್ತದೆ ಸರಿ, ಪಾದದಿಂದ ಅದನ್ನು ಮೇಲಕ್ಕೆ ತರುವವರು ಯಾರು ಅಂತ ಕೇಳಿದ್ದೆಯಲ್ಲ, ಅದು ಫೋನಲ್ಲಿ ಎರಡು ಮಾತಲ್ಲಿ ಹೇಳಿ ಮುಗಿಸುವಂಥ ಪ್ರಶ್ನೆ ಅಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಪಾಠದ ಪುಸ್ತಕದಲ್ಲಿ ಹೃದಯದ ಚಿತ್ರ ಪುಟದ ತುಂಬ ಇರುತ್ತದೆ. ನಾಲ್ಕು ಕೋಣೆ, ನಾಲ್ಕು ಹೆಸರು, ಬಾಣದ ಗುರುತು. ವಾಪಸ್ ಬರುವ ದಾರಿಗೆ ಮಾತ್ರ ಒಂದೇ ಸಾಲು, ಅಭಿಧಮನಿಗಳು ರಕ್ತವನ್ನು ಹೃದಯಕ್ಕೆ ತರುತ್ತವೆ ಅಂತ. ತರುತ್ತವೆ ಅಂದರೆ ಹೇಗೆ? ನನ್ನ ಕೇಳಿದರೆ ಆ ಪಾಠದ ಸ್ವಾರಸ್ಯವೆಲ್ಲ ಇರುವುದು ಅಲ್ಲೇ.

ಹೋಗುವ ದಾರಿಯನ್ನು ಬೇಗ ಹೇಳಿಬಿಡುತ್ತೇನೆ. ಹೃದಯದ ಬಲಭಾಗ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸುತ್ತದೆ, ಎಡಭಾಗ ಇಡೀ ಮೈಗೆ. ದೂರ ತಳ್ಳಬೇಕಲ್ಲ, ಹಾಗಾಗಿ ಎಡ ಹೃತ್ಕುಕ್ಷಿಯ, ಅಂದರೆ ಎಡಗಡೆಯ ಕೆಳಕೋಣೆಯ, ಗೋಡೆ ಜಾಸ್ತಿ ದಪ್ಪ. ಸುಮ್ನೆ ಕೂತಿರುವ ದೊಡ್ಡವರಲ್ಲಿ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ಹೊರಬೀಳುತ್ತದೆ. ನಿಮಿಷಕ್ಕೆ 70 ಬಡಿತ ಅಂದುಕೊಂಡು ಗುಣಿಸಿ ನೋಡು, ಹತ್ತಿರ ಹತ್ತಿರ 5 ಲೀಟರ್. ಮೈಯಲ್ಲಿರುವ ರಕ್ತವೂ ಹೆಚ್ಚುಕಡಿಮೆ ಅಷ್ಟೇ!

ಇಂಥದ್ದೇ ಲೆಕ್ಕ ಹಿಡಿದು ಇಂಗ್ಲೆಂಡಿನ ವೈದ್ಯ ವಿಲಿಯಂ ಹಾರ್ವೆ ಹಳೆಯ ನಂಬಿಕೆಯೊಂದನ್ನು ಬುಡಮೇಲು ಮಾಡಿದ. ಆಗ ಯುರೋಪಿನ ವೈದ್ಯರು ಪ್ರಾಚೀನ ಗ್ರೀಕ್ ವೈದ್ಯ ಗ್ಯಾಲೆನ್ ಹೇಳಿದ್ದನ್ನು ಸಾವಿರ ವರ್ಷಕ್ಕೂ ಹೆಚ್ಚು ಕಾಲದಿಂದ ನಂಬಿಕೊಂಡು ಬಂದಿದ್ದರು. ತಿಂದದ್ದು ಪಿತ್ತಜನಕಾಂಗದಲ್ಲಿ ರಕ್ತವಾಗುತ್ತದೆ, ಮೈಗೆಲ್ಲ ಹರಿದು ಅಲ್ಲೇ ಖರ್ಚಾಗುತ್ತದೆ ಅಂತ. ಹಾರ್ವೆ ತೀರಾ ಕಮ್ಮಿ ಅಂದಾಜು ಹಿಡಿದು ಲೆಕ್ಕ ಹಾಕಿದರೂ ಅಷ್ಟೊಂದು ರಕ್ತ ಹುಟ್ಟಿಸಲು ಯಾವ ಊಟವೂ ಸಾಲುವಂತಿರಲಿಲ್ಲ. ಹಾಗಾದರೆ ಹೋದದ್ದೇ ತಿರುಗಿ ಬರಬೇಕು. 1628ರಲ್ಲಿ ಇದನ್ನು ಪುಸ್ತಕವಾಗಿ ಅಚ್ಚು ಹಾಕಿಸಿದ.

ಅದರಲ್ಲಿ ಅವನು ತೋರಿಸಿದ ಒಂದು ಪರೀಕ್ಷೆಯನ್ನು ನೀನೂ ಮಾಡಬಹುದು. ಕೈಯನ್ನು ಸ್ವಲ್ಪ ಹೊತ್ತು ಕೆಳಗೆ ಇಳಿಬಿಡು, ಮುಂಗೈ ಮೇಲೆ ರಕ್ತನಾಳ ಉಬ್ಬುತ್ತದೆ. ಒಂದನ್ನು ಆರಿಸಿಕೊಂಡು ಮಣಿಕಟ್ಟಿನ ಕಡೆ ಒಂದು ಬೆರಳಿಂದ ಒತ್ತಿ ಹಿಡಿ, ಇನ್ನೊಂದು ಬೆರಳಿಂದ ಅಲ್ಲಿಂದ ಮೊಣಕೈ ಕಡೆಗೆ ಸವರಿ ಆ ಬೆರಳನ್ನು ಎತ್ತಿಬಿಡು. ನಾಳ ಸ್ವಲ್ಪ ದೂರ ಚಪ್ಪಟೆಯಾಗೇ ಉಳಿಯುತ್ತದೆ, ಮೇಲಿನ ರಕ್ತ ಕೆಳಗೆ ಇಳಿಯುವುದಿಲ್ಲ. ಈಗ ಒತ್ತಿ ಹಿಡಿದ ಬೆರಳು ತೆಗೆ, ಕೆಳಗಿಂದ ತಟ್ಟನೆ ತುಂಬಿಕೊಳ್ಳುತ್ತದೆ. ಕೆಲವರ ಕೈಯಲ್ಲಿ ನಾಳ ಸರಿಯಾಗಿ ಕಾಣುವುದಿಲ್ಲ, ಕಾಣದಿದ್ದರೆ ಬೇರೆ ಯಾರದಾದರೂ ಕೈ ಹುಡುಕು.

ರಕ್ತ ಹಿಂದಕ್ಕೆ ಜಾರದಂತೆ ತಡೆದದ್ದು ಒಳಗಿನ ಕವಾಟ, ಒಂದೇ ಕಡೆಗೆ ತೆರೆಯುವ ಬಾಗಿಲಿದ್ದಂತೆ.

ಪಾಪ, ಹಾರ್ವೆಗೆ ಒಂದು ಮಾತ್ರ ಕಾಣಲಿಲ್ಲ. ಹೃದಯದಿಂದ ರಕ್ತ ಒಯ್ಯುವ ಅಪಧಮನಿಯಿಂದ ಅದು ಅಭಿಧಮನಿಗೆ ದಾಟುವುದು ಎಲ್ಲಿ? ದಾಟಲೇಬೇಕು ಅಂತ ಗೊತ್ತು, ಜಾಗ ಕಣ್ಣಿಗೆ ಸಿಗದು. ಅವನು ತೀರಿಕೊಂಡು ನಾಲ್ಕು ವರ್ಷವಾದ ಮೇಲೆ, 1661ರಲ್ಲಿ, ಇಟಲಿಯ ಮಾಲ್ಪೀಘಿ ಸೂಕ್ಷ್ಮದರ್ಶಕದಲ್ಲಿ ಕಪ್ಪೆಯ ಶ್ವಾಸಕೋಶ ನೋಡುತ್ತಾ ಎರಡನ್ನೂ ಜೋಡಿಸುವ ತೀರಾ ಸಣ್ಣ ನಾಳಗಳನ್ನು, ಅಂದರೆ ಲೋಮನಾಳಗಳನ್ನು ಕಂಡ. ಎಷ್ಟು ಕಿರಿದು ಅಂದರೆ ಕೆಂಪು ರಕ್ತಕಣಗಳು ಒಂದರ ಹಿಂದೆ ಒಂದು, ಕೆಲವೆಡೆ ಮೈ ಬಾಗಿಸಿಕೊಂಡು ನುಸುಳಬೇಕು. ಆಮ್ಲಜನಕ ಕೊಡುವುದು, ಕಸ ತೆಗೆದುಕೊಳ್ಳುವುದು ಎಲ್ಲ ಅಲ್ಲೇ.

ಈಗ ನಿನ್ನ ಪ್ರಶ್ನೆಗೆ ಬರೋಣ. ಹೃದಯದಿಂದ ಹೊರಡುವಾಗ ಇದ್ದ ಒತ್ತಡ ಸಣ್ಣ ನಾಳಗಳನ್ನು ದಾಟುವ ಹೊತ್ತಿಗೆ ಬಹುಪಾಲು ಕರಗಿರುತ್ತದೆ. ಉಳಿದ ಅಷ್ಟಿಷ್ಟು ಹಿಂದಿನಿಂದ ತಳ್ಳುತ್ತಲೇ ಇರುತ್ತದೆ, ಮಲಗಿದ್ದಾಗ ಅಷ್ಟೇ ಸಾಕು. ಎದ್ದು ನಿಂತರೆ ಕಷ್ಟ. ಅಲುಗಾಡದೆ ನಿಂತವರ ಪಾದದ ಅಭಿಧಮನಿಯಲ್ಲಿ ಒತ್ತಡ ಸುಮಾರು 90 ಮಿಲಿಮೀಟರ್ ಪಾದರಸದಷ್ಟು ಏರುತ್ತದೆ, ಯಾಕೆಂದರೆ ಹೃದಯದವರೆಗಿನ ರಕ್ತದ ಭಾರ ಪೂರ್ತಿ ಅಲ್ಲಿ ಕೂತಿರುತ್ತದೆ. ನಡೆಯಲು ಶುರು ಮಾಡಿದರೆ ಅದು ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ನಡೆಯುವಾಗ ಮೀನಖಂಡದ ಸ್ನಾಯು ಬಿಗಿದು ಒಳಗಿನ ನಾಳವನ್ನು ಹಿಂಡುತ್ತದೆ, ಕವಾಟ ಇರುವುದರಿಂದ ಹಿಂಡಿದ ರಕ್ತಕ್ಕೆ ಮೇಲೆ ಹೋಗುವುದು ಬಿಟ್ಟು ಬೇರೆ ದಾರಿಯೇ ಇಲ್ಲ. ಸ್ನಾಯು ಸಡಿಲವಾದಾಗ ಕೆಳಗಿಂದ ಹೊಸದು ತುಂಬಿಕೊಳ್ಳುತ್ತದೆ. ಉಸಿರೂ ಸೇರಿಕೊಳ್ಳುತ್ತದೆ. ಉಸಿರೆಳೆದಾಗ ಎದೆಗೂ ಹೊಟ್ಟೆಗೂ ನಡುವೆ ಇರುವ ಸ್ನಾಯುವಿನ ಪರದೆ, ವಪೆ, ಕೆಳಗಿಳಿದು ಎದೆಯೊಳಗಿನ ಒತ್ತಡ ತಗ್ಗುತ್ತದೆ, ಹೊಟ್ಟೆಯೊಳಗೆ ಏರುತ್ತದೆ, ರಕ್ತ ಎದೆಯ ಕಡೆಗೆ ಸಾಗುತ್ತದೆ.

ಈ ವಾಪಸಾತಿ ಎಷ್ಟು ಮುಖ್ಯ ಗೊತ್ತಾ? ಯಾವುದೇ ಕ್ಷಣದಲ್ಲಿ ಮೈಯ ರಕ್ತದಲ್ಲಿ ಸುಮಾರು ಮೂರನೇ ಎರಡು ಪಾಲು ಇರುವುದು ಅಭಿಧಮನಿಗಳಲ್ಲೇ. ಬಂದಷ್ಟನ್ನೇ ಹೃದಯ ತಳ್ಳಲು ಸಾಧ್ಯ, ಬರದೇ ಇರುವುದನ್ನು ಎಷ್ಟು ಬಡಿದುಕೊಂಡರೂ ಕಳಿಸಲಾಗದು. ಜೋರಾಗಿ ಓಡುವಾಗ ನಿಮಿಷಕ್ಕೆ 20 ಲೀಟರ್ ಹೊರಹೋಗುತ್ತದೆ ಅಂದರೆ 20 ಲೀಟರ್ ವಾಪಸ್ ಬರುತ್ತಿದೆ ಅಂತಲೇ ಅರ್ಥ, ಅಲ್ವಾ? ಜಾಸ್ತಿ ಬಂದು ಗೋಡೆ ಹಿಗ್ಗಿದಷ್ಟೂ ಮುಂದಿನ ಬಡಿತ ಜೋರಾಗುತ್ತದೆ, ಇದು ಹೃದಯದ ಸ್ನಾಯುವಿನ ಸ್ವಭಾವ.

ಪರೇಡಿನಲ್ಲಿ ಮಿಸುಕಾಡದೆ ನಿಂತ ಗಟ್ಟಿಮುಟ್ಟು ಸೈನಿಕರೂ ಕುಸಿದು ಬೀಳುವುದು ಇದರಿಂದಲೇ. ಸ್ನಾಯು ಹಿಂಡುತ್ತಿಲ್ಲ, ರಕ್ತ ಕಾಲಲ್ಲೇ ನಿಲ್ಲುತ್ತದೆ, ಮೆದುಳಿಗೆ ಕಮ್ಮಿಯಾಗುತ್ತದೆ. ಬಿದ್ದು ಅಡ್ಡಲಾದರೆ ರಕ್ತ ಸಲೀಸಾಗಿ ಹೃದಯಕ್ಕೆ ಬರುತ್ತದೆ, ಸಾಮಾನ್ಯವಾಗಿ ಬೇಗ ಎಚ್ಚರವಾಗುತ್ತದೆ. ಹೀಗೆ ಯಾರಾದರೂ ತಲೆಸುತ್ತಿ ಬಿದ್ದರೆ ಜನ ಗಾಬರಿಯಲ್ಲಿ ಎತ್ತಿ ಕೂರಿಸುತ್ತಾರೆ, ನೀನು ಹಾಗೆ ಮಾಡಬೇಡ. ಮಲಗಿರಲಿ, ಕಾಲನ್ನು ಸ್ವಲ್ಪ ಮೇಲೆತ್ತಿ ಹಿಡಿ.

ಕವಾಟಗಳು ಕೆಲವರಲ್ಲಿ ಸಡಿಲವಾಗುತ್ತವೆ. ಆಗ ರಕ್ತ ಕೆಳಗೆ ಜಾರಿ ಕಾಲಿನ ನಾಳಗಳು ಉಬ್ಬಿ ಸುರುಳಿಯಾಗಿ ಕಾಣುತ್ತವೆ. ವೆರಿಕೋಸ್ ವೇನ್ಸ್ ಅನ್ನುವುದು ಅದಕ್ಕೇ.

ಇನ್ನು ಆ ನಾಳಗಳ ನೀಲಿ ಬಣ್ಣದ ಬಗ್ಗೆ ಕೇಳಿದ್ದೆ. ಒಳಗಿರುವ ರಕ್ತ ನೀಲಿ ಅಲ್ಲ, ಆಮ್ಲಜನಕ ಕಮ್ಮಿಯಾದ ರಕ್ತ ಕಡುಗೆಂಪು ಅಷ್ಟೇ. ಚರ್ಮದ ಮೂಲಕ ಹೋಗಿ ತಿರುಗಿ ಬರುವ ಬೆಳಕಿನಿಂದ ಕಣ್ಣಿಗೆ ಹಾಗೆ ಕಾಣುತ್ತದೆ. ನಕ್ಷೆಯಲ್ಲಿ ನೀಲಿ ಬಳಿಯುವುದು ಗುರುತಿಗೆ, ಪರೀಕ್ಷೆಯಲ್ಲಿ ನೀನೂ ಧಾರಾಳವಾಗಿ ಬಳಿ.

ನಿನ್ನ ಅಪ್ಪ