ಊರಿನ ಬೋರ್ಡ್ ಕಂಡರೆ ಐವತ್ತು

ಸಂಪಾದಕರೇ,

ಗಂಗಾವತಿ ಕಡೆ ರಸ್ತೆಯ ಹಂಪ್ಸ್ ಮಾತು ಬಂದರೆ ಚಹಾ ಅಂಗಡಿಯಲ್ಲಿ ಜಗಳ ಗ್ಯಾರಂಟಿ. ಒಬ್ಬರು ಇನ್ನೂ ಹಾಕಿ ಅನ್ನುತ್ತಾರೆ, ಇನ್ನೊಬ್ಬರು ಇದ್ದದ್ದನ್ನೂ ಕಿತ್ತುಹಾಕಿ ಅನ್ನುತ್ತಾರೆ. ನಾನು ಯಾವ ಕಡೆಯೂ ಅಲ್ಲ. ಆನೆಗೊಂದಿಯಿಂದ ರಾತ್ರಿ ಬರುವಾಗ ಬಣ್ಣ ಬಳಿಯದ ಒಂದು ಹಂಪ್ ಕಾಣದೆ ಬೈಕ್ ಸಮೇತ ಬಿದ್ದವನು, ಮೊಣಕೈ ಮೇಲೆ ಗುರುತು ಇನ್ನೂ ಇದೆ. ಆದರೂ ಹಂಪ್ ಇಲ್ಲದಿದ್ದರೆ ನಮ್ಮವರು ಊರೊಳಗೆ ಹೇಗೆ ಓಡಿಸುತ್ತಾರೆ ಅನ್ನುವುದೂ ಗೊತ್ತು.

ಹಂಪ್ ಇಲ್ಲದೆಯೂ ಜನ ನಿಧಾನಕ್ಕೆ ಹೋಗುವುದನ್ನು ಕಳೆದ ಸೆಪ್ಟೆಂಬರ್‌ನಲ್ಲಿ ನೋಡಿಬಂದೆ. ಎರಡು ವರ್ಷ ಚೀಟಿ ಕಟ್ಟಿ, ಆರ್‌ಟಿಒದಲ್ಲಿ ಅಂತರರಾಷ್ಟ್ರೀಯ ಪರ್ಮಿಟ್ ಮಾಡಿಸಿಕೊಂಡು, ಮ್ಯೂನಿಕ್‌ನಲ್ಲಿ ಕೆಲಸ ಮಾಡುವ ನನ್ನ ತಂಗಿ ಗಂಡನ ಜೊತೆ ಬಾಡಿಗೆ ಬೈಕ್‌ನಲ್ಲಿ ಹತ್ತು ದಿನ ಜರ್ಮನಿ, ಆಸ್ಟ್ರಿಯಾ, ಇಟಲಿಯ ಹಳ್ಳಿ ದಾರಿಗಳನ್ನು ಸುತ್ತಿದೆ. ದಿನಕ್ಕೆ ನೂರೈವತ್ತು ಕಿಲೋಮೀಟರ್, ಅದಕ್ಕಿಂತ ಜಾಸ್ತಿ ಇಲ್ಲ. ಹೈವೇ ಹತ್ತಲೇ ಇಲ್ಲ.

ಅಲ್ಲಿ ಬಲಗಡೆ ಓಡಿಸಬೇಕು. ಮೊದಲ ದಿನ ಟ್ಯಾಂಕ್ ಮೇಲೆ ಟೇಪ್ ಅಂಟಿಸಿ ‘ಬಲಕ್ಕೆ’ ಅಂತ ಬರೆದುಕೊಂಡಿದ್ದೆ. ಆದರೂ ಪೆಟ್ರೋಲ್ ಹಾಕಿಸಿ ಹೊರಟ ತಕ್ಷಣ ಎಡಕ್ಕೇ ಹೊರಳಿದೆ. ಎದುರಿಗೆ ಬಂದ ಟ್ರಾಕ್ಟರ್‌ನವರು ನಿಲ್ಲಿಸಿಕೊಂಡು ನಕ್ಕರು, ನಮ್ಮಲ್ಲಾಗಿದ್ದರೆ ಅಪ್ಪ ಅಜ್ಜ ಎಲ್ಲರೂ ನೆನಪಾಗುತ್ತಿದ್ದರು.

ನನ್ನ ತಲೆಯಲ್ಲಿ ಕೂತಿದ್ದು ಊರಿನ ಬೋರ್ಡು. ಜರ್ಮನಿಯಲ್ಲಿ ಊರು ಶುರುವಾಗುವ ಕಡೆ ಹಳದಿ ಬೋರ್ಡ್ ಮೇಲೆ ಹೆಸರು ಇರುತ್ತದೆ. ಅದರಲ್ಲಿ ಸ್ಪೀಡಿನ ಅಂಕಿ ಬರೆದಿರುವುದಿಲ್ಲ. ಹೆಸರು ಕಂಡರೆ ಐವತ್ತಕ್ಕೆ ಇಳಿಸಬೇಕು, ಅದೇ ಕಾನೂನು. ಊರು ಮುಗಿದಾಗ ಅದೇ ಹೆಸರಿನ ಮೇಲೆ ಓರೆಯಾಗಿ ಕೆಂಪು ಗೀಟು. ಆಮೇಲೆ ನೂರರವರೆಗೆ ಹೋಗಬಹುದು. ಆಸ್ಟ್ರಿಯಾದಲ್ಲೂ ಹಾಗೇ, ಇಟಲಿಯಲ್ಲಿ ಹೊರಗೆ ತೊಂಬತ್ತು. ಎಷ್ಟೋ ಕಡೆ ಊರ ಬಾಯಲ್ಲೇ ರಸ್ತೆ ನಡುವೆ ಸಣ್ಣ ಕಟ್ಟೆ ಕಟ್ಟಿ ದಾರಿಯನ್ನು ಸ್ವಲ್ಪ ಸೊಟ್ಟ ಮಾಡಿರುತ್ತಾರೆ. ಸೊಟ್ಟ ದಾರಿಯಲ್ಲಿ ಯಾರು ತಾನೇ ನುಗ್ಗುತ್ತಾರೆ? ಸೊಂಟಕ್ಕೆ ಏಟಿಲ್ಲ, ಬ್ರೇಕ್ ಮಾತ್ರ ತಾನಾಗಿ ಬೀಳುತ್ತದೆ.

ಹಾಗಂತ ಅಲ್ಲಿಯವರೆಲ್ಲ ದೇವರಂಥವರಲ್ಲ. ಸೈಲೆನ್ಸರ್ ಗದ್ದಲ ತಾಳಲಾರದೆ ಆಸ್ಟ್ರಿಯಾದ ಟಿರೋಲ್‌ನಲ್ಲಿ 2020ರಿಂದ ಕೆಲವು ರಸ್ತೆಗಳಿಗೆ 95 ಡೆಸಿಬೆಲ್ ದಾಟುವ ಬೈಕ್‌ಗಳನ್ನು ಬೇಸಿಗೆ ತಿಂಗಳುಗಳಲ್ಲಿ ಬಿಡುತ್ತಿಲ್ಲ. ನಮ್ಮ ಬುಲೆಟ್ ಹುಡುಗರಿಗೆ ಇದನ್ನು ಓದಿ ಹೇಳಬೇಕು!

ಆಸ್ಟ್ರಿಯಾದ ಗ್ರಾಸ್‌ಗ್ಲಾಕ್ನರ್ ಘಟ್ಟದ ರಸ್ತೆ 48 ಕಿಲೋಮೀಟರ್, 1935ರಲ್ಲಿ ತೆರೆದದ್ದು, ಟೋಲ್ ಕಟ್ಟಿ ಹತ್ತಬೇಕು. ಇಟಲಿಯ ಸ್ಟೆಲ್ವಿಯೋ ಘಟ್ಟದ ರಸ್ತೆ 2,757 ಮೀಟರ್ ಎತ್ತರ, ಪ್ರಾಟೋ ಊರಿನ ಕಡೆಯಿಂದ ಹತ್ತಿದರೆ 48 ಹೇರ್‌ಪಿನ್ ತಿರುವು, ಒಂದೊಂದಕ್ಕೂ ನಂಬರ್. ಕುದುರೆ ಗಾಡಿ ಕಾಲದಲ್ಲಿ, 1820ರಿಂದ 1825ರೊಳಗೆ ಕಟ್ಟಿದ್ದು. ಫೋಟೋದಲ್ಲಿ ಚೆಂದ, ಓಡಿಸುವಾಗ ಒಂದನೇ ಗೇರ್‌ನಲ್ಲಿ ಬೆವರು ಇಳಿಯುತ್ತದೆ.

ಇವೆರಡಕ್ಕಿಂತ ನನಗೆ ಇಷ್ಟವಾಗಿದ್ದು ದನ. ಬೇಸಿಗೆ ಪೂರ್ತಿ ಬೆಟ್ಟದ ಮೇಲೆ ಮೇಯ್ದ ಹಸುಗಳನ್ನು ಸೆಪ್ಟೆಂಬರ್‌ನಲ್ಲಿ ಕೆಳಗಿನ ಊರಿಗೆ ಹೊಡೆದುಕೊಂಡು ಬರುತ್ತಾರೆ. ತಲೆ ಮೇಲೆ ಹೂವಿನ ಕಿರೀಟ, ಕೊರಳಲ್ಲಿ ಸೋರೆಬುರುಡೆಯಷ್ಟು ದೊಡ್ಡ ಗಂಟೆ, ಥೇಟ್ ನಮ್ಮ ಕಾರಹುಣ್ಣಿಮೆ ಎತ್ತುಗಳೇ. ಮುಂದಿದ್ದ ಕಾರು, ಬಸ್ಸು ಎಲ್ಲ ಇಂಜಿನ್ ಆರಿಸಿ ನಿಂತವು. ನಾವೂ ಆರಿಸಿದೆವು. ಹದಿನೈದು ನಿಮಿಷ ಗಂಟೆ ಸದ್ದು ಬಿಟ್ಟರೆ ಬೇರೇನೂ ಇಲ್ಲ, ಒಂದೇ ಒಂದು ಹಾರ್ನ್ ಇಲ್ಲ. ಕೊನೆಯ ಹಸು ನನ್ನ ಕನ್ನಡಿ ನೆಕ್ಕಿ ಹೋಯಿತು.

ವಾಪಸ್ ಬಂದ ಮೇಲೆ ಸಾಣಾಪುರ, ಹನುಮನಹಳ್ಳಿ, ಆನೆಗೊಂದಿ ದಾರಿಯಲ್ಲಿ ಮತ್ತೆ ಹೋದೆ. ಒಂದು ಕಡೆ ಹಸಿರು ಭತ್ತದ ಗದ್ದೆ, ಇನ್ನೊಂದು ಕಡೆ ಬಂಡೆಗುಡ್ಡ, ಆಚೆ ತುಂಗಭದ್ರೆ. ನಿಧಾನ ಸವಾರಿಗೆ ಇದಕ್ಕಿಂತ ಬೇರೆ ದಾರಿ ಯಾಕೆ ಬೇಕು ಅಲ್ವಾ? ಆದರೆ ಅಂಜನಾದ್ರಿಗೆ ಹೋಗುವ ಕಾರುಗಳು ಊರೊಳಗೂ ಹೈವೇ ತರಹ ನುಗ್ಗುತ್ತವೆ. ಅದರ ಮೇಲೆ ಸುಗ್ಗಿಯಲ್ಲಿ ಅರ್ಧ ರಸ್ತೆಗೆ ಭತ್ತ ಹರವಿರುತ್ತಾರೆ. ಒಣಗಿಸಲು ಕಣ ಇಲ್ಲದ ರೈತರನ್ನು ಬಯ್ದು ಪ್ರಯೋಜನ ಇಲ್ಲ.

ಸಂಬಂಧಪಟ್ಟವರು ಈ ಮೂರು ಊರಿನಲ್ಲಾದರೂ ಒಮ್ಮೆ ಮಾಡಿ ನೋಡಲಿ. ಎರಡೂ ತುದಿಯಲ್ಲಿ ದೊಡ್ಡದಾಗಿ ಊರ ಹೆಸರು, ಕೆಳಗೆ 30 ಅಂತ ಅಂಕಿ, ಪಕ್ಕದಲ್ಲಿ ದಾರಿ ಸ್ವಲ್ಪ ತಿರುಗಿಸುವ ಒಂದು ಕಟ್ಟೆ. ಇರುವ ಹಂಪ್ಸ್‌ಗೆ ಸದ್ಯಕ್ಕೆ ಬಿಳಿ ಬಣ್ಣ ಬಳಿದರೂ ಸಾಕು. ಹೆಸರಿನ ಬೋರ್ಡ್ ಈಗ ಹೇಗಿದೆ ಅಂತ ಮೊನ್ನೆ ಭಾನುವಾರ ಒಂದು ಊರಿನಲ್ಲಿ ಬೈಕ್ ನಿಲ್ಲಿಸಿ ಹುಡುಕಿದೆ. ಇತ್ತು. ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಹಿಂದೆ.

— ಒಬ್ಬ ಬೈಕ್ ಸವಾರ, ಗಂಗಾವತಿ, ಕೊಪ್ಪಳ ಜಿಲ್ಲೆ