ಕುಳ್ಳನಿಗೊಂದು ಪತ್ರ: ಆಸ್ಪತ್ರೆ ಎಲ್ಲಿ ಕಟ್ಟೋದು?

ಪ್ರೀತಿಯ ಕುಳ್ಳ,

ನಿನ್ನ ನಕ್ಷೆ ಬಂತು. ಅದರ ಬೆನ್ನಿಗೇ ಪ್ರಶ್ನೆಗಳೂ ಬಂದವು. "ನೀನೂ ದ್ವೀಪದಲ್ಲಿ ಹುಟ್ಟಿದವನಲ್ವಾ, ಹೇಳು, ಆಸ್ಪತ್ರೆ ಎಲ್ಲಿ ಕಟ್ಟೋದು?" ಅಂತ ಕೇಳಿದ್ದೀಯ. ಓದಿ ಜೋರಾಗಿ ನಕ್ಕೆ. ಮಂಡ್ಯದ ಈ ಡ್ರಾಯಿಂಗ್ ಆಫೀಸಿನಲ್ಲಿ ನಗೋದಕ್ಕೆ ಕಾರಣ ಸಿಗೋದೇ ಅಪರೂಪ. ಶ್ರೀರಂಗಪಟ್ಟಣ ದ್ವೀಪದ ಗಂಜಾಂನಲ್ಲಿ ಹುಟ್ಟಿದವನಿಗೆ ಸುತ್ತ ಕಾವೇರಿ ಇದೆ ಅನ್ನೋದು ನೆನಪಾಗೋದು ಹೊಳೆ ಬಂದಾಗ ಮಾತ್ರ. ಉಳಿದ ದಿನ ಬಸ್ಸಲ್ಲಿ ಕೂತರೆ ಸೇತುವೆ ಬಂದದ್ದೂ ಗೊತ್ತಾಗೋದಿಲ್ಲ, ಹೋದದ್ದೂ ಗೊತ್ತಾಗೋದಿಲ್ಲ.

(ಓದುತ್ತಿರುವ ಉಳಿದವರಿಗೆ: ಕುಳ್ಳ ಈಗ ಲಕ್ಷದ್ವೀಪದ ಒಂದು ದ್ವೀಪದಲ್ಲಿ ಹೊಸ ಆಸ್ಪತ್ರೆಗೆ ಜಾಗ ನೋಡುತ್ತಿದ್ದಾನೆ. ಯಾವ ದ್ವೀಪ ಅಂತ ಹೇಳಬೇಡ ಅಂದಿದ್ದಾನೆ, ಹೇಳೋದಿಲ್ಲ. ಅವನು ಆರಡಿ ಇದ್ದಾನೆ.)

ಮೊದಲು ನಿನ್ನ ತಕರಾರಿಗೆ ಬರುತ್ತೇನೆ. ಸರ್ಕಾರಿ ಮಾನದಂಡದ ಪಟ್ಟಿ ಹಿಡಿದವರು ಆಸ್ಪತ್ರೆಗೆ ಜನಸಂಖ್ಯೆ ಸಾಲದು ಅನ್ನುತ್ತಾರೆ ಅಂತ ಬರೆದಿದ್ದೀಯ. ಅವರ ಪಟ್ಟಿ ನನಗೂ ಗೊತ್ತು. ಬಯಲು ಸೀಮೆಯಲ್ಲಿ 30,000 ಜನಕ್ಕೊಂದು ಪ್ರಾಥಮಿಕ ಆರೋಗ್ಯ ಕೇಂದ್ರ, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 20,000ಕ್ಕೊಂದು. 2011ರ ಜನಗಣತಿಯಲ್ಲಿ ಇಡೀ ಲಕ್ಷದ್ವೀಪಕ್ಕೇ ಇದ್ದದ್ದು 64 ಸಾವಿರ ಚಿಲ್ಲರೆ ಜನ, ಅವರೂ 10 ದ್ವೀಪಗಳಲ್ಲಿ ಹಂಚಿಹೋದವರು. ಈ ಲೆಕ್ಕ ಹಿಡಿದರೆ ಅಷ್ಟೂ ಜನಕ್ಕೆ ಮೂರು ಕೇಂದ್ರ ಸಾಕು. ಹೆರಿಗೆ ಕಷ್ಟವಾದ ಹೆಂಗಸು ಪಕ್ಕದ ದ್ವೀಪಕ್ಕೆ ಆಟೋ ಹತ್ತಿ ಹೋಗ್ತಾಳಾ? ನಮಗೆ ಪಾಠ ಹೇಳಿದ ಎಮ್ಮೆ ಮೇಷ್ಟ್ರು ಇದ್ದಿದ್ದರೆ ಈ ಲೆಕ್ಕಕ್ಕೆ ಪೂರ್ತಿ ಮಾರ್ಕ್ಸ್ ಕೊಡುತ್ತಿದ್ದರು.

ನೀನು ಕಳಿಸಿದ ಸ್ಕಾಟ್ಲೆಂಡಿನ ಆರ್ಕ್ನಿ ದ್ವೀಪಗಳ ವಿಷಯ ಓದಿದೆ. ಅಲ್ಲಿ ಸುಮಾರು 22 ಸಾವಿರ ಜನ. ಕರ್ಕ್‌ವಾಲ್ ಊರಲ್ಲಿ 2019ರಲ್ಲಿ ಶುರುವಾದ ಹೊಸ ಬಾಲ್ಫೋರ್ ಆಸ್ಪತ್ರೆಗೆ 49 ಹಾಸಿಗೆ. ಶ್ರೀರಂಗಪಟ್ಟಣ ಊರಿನ ಜನಸಂಖ್ಯೆಯೂ ಹತ್ತಿರ ಹತ್ತಿರ ಅಷ್ಟೇ, 25 ಸಾವಿರ. ಆದರೆ ನಮಗೆ ಕೈಲಾಗದ ಕಾಯಿಲೆ ಬಂದರೆ ಮೈಸೂರಿನ ದೊಡ್ಡಾಸ್ಪತ್ರೆ ಅರ್ಧ ಗಂಟೆ ದಾರಿ. ಅವರು ಸಮುದ್ರದ ಮೇಲೆ ಹಾರಿ ಅಬರ್ಡೀನ್‌ಗೆ ಹೋಗಬೇಕು. ನಿನ್ನವರು ಹೆಲಿಕಾಪ್ಟರ್‌ಗೆ ಕಾದು ಕೊಚ್ಚಿಗೆ ಹೋಗಬೇಕು. ಹಾಗಾಗಿ ತಲೆ ಎಣಿಸೋದು ಬಿಡು. ಮಳೆಗಾಲದ ರಾತ್ರಿ ಹೆಲಿಕಾಪ್ಟರ್ ಏಳದೇ ಇದ್ದಾಗ ಬೆಳಗಿನವರೆಗೆ ಒಂದು ಜೀವ ಹಿಡಿದಿಡೋಕೆ ಏನೇನು ಬೇಕು, ಅಲ್ಲಿಂದ ಶುರು ಮಾಡು. ರಕ್ತ ಇಡೋ ಫ್ರಿಡ್ಜು, ಆಮ್ಲಜನಕ, ಅರಿವಳಿಕೆ ಕೊಡುವವರು. ಆ ಅರಿವಳಿಕೆ ಡಾಕ್ಟರ್ ಒಬ್ಬರು ರಜೆ ಹಾಕಿದರೆ ಆಪರೇಷನ್ ಥಿಯೇಟರಿಗೇ ಬೀಗ. ಅದಕ್ಕೇ ಹೇಳೋದು, ಡಾಕ್ಟರ್ ಕ್ವಾರ್ಟರ್ಸ್ ಅನ್ನು ನಕ್ಷೆಯ ಮೂಲೆಗೆ ತಳ್ಳಬೇಡ. ಅವರ ಹೆಂಡತಿ ಮಕ್ಕಳು ಅಲ್ಲಿ ಇರೋ ಹಾಗಿದ್ದರೆ ಮಾತ್ರ ಆಸ್ಪತ್ರೆ ನಡೆಯುತ್ತದೆ.

ಜಾಗದ ವಿಷಯ. ಲಗೂನ್ (ಹವಳದ ದಿಬ್ಬದ ಒಳಗಿನ ಶಾಂತ ನೀರು) ಕಡೆ, ಅಂದರೆ ಪಶ್ಚಿಮಕ್ಕೆ, ಜೆಟ್ಟಿ ಹತ್ತಿರ ಎ ಜಾಗ ಅಂತ ಗುರುತು ಹಾಕಿದ್ದೀಯ. ರೋಗಿಯನ್ನು ದೋಣಿಗೆ ಸಾಗಿಸೋಕೆ ಸುಲಭ, ಒಪ್ಪಿದೆ. ಆದರೆ ನೀರಿನ ಕತೆ ಏನು? ನೀನೇ ಹೇಳಿದ್ದು, ಸಮುದ್ರ ಮಟ್ಟಕ್ಕಿಂತ ಒಂದೆರಡು ಮೀಟರ್ ಎತ್ತರದ ಆ ಹವಳದ ಮರಳಿನೊಳಗೆ, ಮಜ್ಜಿಗೆ ಮೇಲೆ ಬೆಣ್ಣೆ ತೇಲಿದ ಹಾಗೆ, ಉಪ್ಪು ನೀರಿನ ಮೇಲೆ ತೆಳ್ಳಗೆ ಸಿಹಿ ನೀರು ನಿಂತಿರುತ್ತದೆ ಅಂತ. ಮನೆ ಮನೆಯ ಬಾವಿಯೂ ಅದರಿಂದಲೇ. ಆಸ್ಪತ್ರೆಯ ಕೊಳೆ ನೀರು ಅದಕ್ಕೆ ಇಳಿದರೆ ಕಾಯಿಲೆ ವಾಸಿ ಮಾಡೋಕೆ ಕಟ್ಟಿದ್ದೇ ಕಾಯಿಲೆ ಹಂಚುತ್ತದೆ. ಲಕ್ಷದ್ವೀಪದ ರಾಜಧಾನಿ ಕವರತ್ತಿಯಲ್ಲಿ 2005ರಿಂದ ಕಡಲ ನೀರನ್ನು ಸಿಹಿ ಮಾಡುವ ಸ್ಥಾವರ ಇದೆಯಲ್ಲ, ದಿನಕ್ಕೆ 1 ಲಕ್ಷ ಲೀಟರ್‌ದು, ಅಂಥದ್ದು ಇದ್ದರೂ ಬಾವಿ ಕೆಡಿಸೋ ಹಕ್ಕು ನಮಗೆ ಬರೋದಿಲ್ಲ. ಬಿ ಜಾಗ ಖಾಲಿ ಇದೆ ಅಂದಿದ್ದೀಯ. ಯಾಕೆ ಖಾಲಿ ಇದೆ ಅಂತ ಕೇಳಿದೆಯಾ? ನಮ್ಮ ಕಡೆ ಪಹಣಿಯಲ್ಲಿ ಖರಾಬು ಅಂತ ಬರೆದ ಜಾಗಕ್ಕೆ ಸಾಮಾನ್ಯವಾಗಿ ಎರಡೇ ಕಾರಣ. ಒಂದು, ನೀರು ನಿಲ್ಲುತ್ತದೆ. ಇನ್ನೊಂದನ್ನು ಹೆಂಗಸರು ಮಾತ್ರ ಹೇಳುತ್ತಾರೆ, ಅದೂ ಗಂಡಸರು ಎದ್ದು ಹೋದ ಮೇಲೆ.

ನಿನಗೆ ಉತ್ತರ ಕೊಡೋ ಮೊದಲು ನಮ್ಮ ದ್ವೀಪದಲ್ಲೇ ಒಂದು ಹೊಸ ಆಸ್ಪತ್ರೆ ಕೂರಿಸಿ ನೋಡೋಣ ಅನ್ನಿಸಿತು. ಊರಲ್ಲಿ ಆಸ್ಪತ್ರೆ ಇದೆ ಅಂತ ಯಾರೂ ಕಾಮೆಂಟ್ ಹಾಕಬೇಡಿ, ನನಗೂ ಗೊತ್ತು. ಇದು ಆಟ. ಭಾನುವಾರ ಟ್ರೇಸಿಂಗ್ ಶೀಟು ಹಾಸಿಕೊಂಡು ಕೂತೆ. ಮೊದಲು ಸ್ಮಾರಕಗಳು. 2010ರ ತಿದ್ದುಪಡಿ ಪ್ರಕಾರ ಪುರಾತತ್ವ ಇಲಾಖೆಯ ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಹೊಸದಾಗಿ ಏನೂ ಕಟ್ಟೋ ಹಾಗಿಲ್ಲ, ಆಚೆಗಿನ 200 ಮೀಟರ್‌ಗೆ ಅನುಮತಿ ಬೇಕು. ರಂಗನಾಥನ ಗುಡಿ, ಜುಮ್ಮಾ ಮಸೀದಿ, ಬೇಯ್ಲಿಯ ಸೆರೆಮನೆ, ದರಿಯಾ ದೌಲತ್, ಗುಂಬಜ್, ಒಂದೊಂದಕ್ಕೂ ಕೆಂಪು ಗೆರೆ ಎಳೆಯುತ್ತಾ ಹೋದೆ. ಅರ್ಧ ಊರು ಕೆಂಪಾಯಿತು. ಆಮೇಲೆ ರೈಲು. ಜೋಡಿ ಹಳಿಗೆ ಅಡ್ಡ ಬಂತು ಅಂತ 2017ರಲ್ಲಿ ಟಿಪ್ಪುವಿನ ಶಸ್ತ್ರಾಗಾರವನ್ನೇ, ಸುಮಾರು 1000 ಟನ್ ಕಟ್ಟಡವನ್ನು, ಜಾಕ್ ಹಾಕಿ ಎತ್ತಿ ಪಕ್ಕಕ್ಕೆ ಸರಿಸಿದರಲ್ಲ, ನೆನಪಿದೆಯಾ? ಆಸ್ಪತ್ರೆಗೆ ಯಾರೂ ಅಷ್ಟು ಮುತುವರ್ಜಿ ವಹಿಸೋದಿಲ್ಲ. ಆಮೇಲೆ ಹೊಳೆ. ಕನ್ನಂಬಾಡಿಯಿಂದ ಲಕ್ಷ ಕ್ಯೂಸೆಕ್ ಮೇಲೆ ಬಿಟ್ಟಾಗ ನೀರು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ನೀಲಿ ಪೆನ್ಸಿಲ್. ಉಳಿದದ್ದರಲ್ಲಿ ಗದ್ದೆ, ಕಬ್ಬು, ಮತ್ತೆ ಯಾರದೋ ಅಣ್ಣತಮ್ಮಂದಿರ ಕೇಸು.

ಇನ್ನೊಂದು ತಮಾಷೆ. 1799ರಲ್ಲಿ ಊರು ಗೆದ್ದ ಇಂಗ್ಲಿಷರು ಇಲ್ಲಿ ದಂಡು ಇಟ್ಟರು. ಜ್ವರಕ್ಕೆ ಸೈನಿಕರು ಸಾಯುತ್ತಾ ಹೋದರು. 1809ರಲ್ಲಿ ದಂಡು ಬೆಂಗಳೂರಿಗೆ ಹೋಯಿತು. ಟಿಪ್ಪುವಿನಿಂದ ಕಿತ್ತುಕೊಂಡ ಊರನ್ನು ಸೊಳ್ಳೆಗೆ ಬಿಟ್ಟುಕೊಟ್ಟರು ಅನ್ನು. ನಿನ್ನ ವರದಿಯಲ್ಲಿ ಸೊಳ್ಳೆಗೆ ಒಂದು ಪುಟ ಇಡು.

ಕೊನೆಗೆ ಸಮಯದ ಸುತ್ತು. ಹದಿನೈದು ನಿಮಿಷದಲ್ಲಿ ಎಲ್ಲೆಲ್ಲಿಂದ ಬರಬಹುದು ಅಂತ ಕೈವಾರದಲ್ಲಿ ವೃತ್ತ ಎಳೆದೆ. ಎಳೆದ ಮೇಲೆ ನೋಡುತ್ತೇನೆ, ಮುಳ್ಳು ಊರ ನಡುವೆ ಇಲ್ಲ. ಬಸ್ ಸ್ಟಾಂಡಿನಲ್ಲೂ ಇಲ್ಲ. ಗಂಜಾಂನಲ್ಲಿ ಊರಿದ್ದೇನೆ. ಅವ್ವನ ಮನೆ ಮೇಲೆ.

ಸರಿ, ಮಗ ಅಲ್ವಾ, ಸಹಜ ಅಂತೀಯ. ತಾಳು.

ಹಿಂದೆ ಒಂದು ಮಳೆಗಾಲದಲ್ಲಿ ಹೊಳೆ ತುಂಬಿತ್ತು. ನಿಮಿಷಾಂಬ ಗುಡಿಯ ಮೆಟ್ಟಿಲಿಗೆ ಕೆಂಪು ನೀರು ಬಂದಿತ್ತು. ಅವ್ವ ಬೆಳಗ್ಗೆ ಫೋನ್ ಮಾಡಿ "ಎದೆ ಒಂಥರಾ ಅನ್ನಿಸ್ತದೆ ಕಣ್ ಮಗ" ಅಂದಿದ್ದಳು. ಮಧ್ಯಾಹ್ನ ಬಂದು ಕರಕೊಂಡು ಹೋಗುತ್ತೇನೆ ಅಂದಿದ್ದೆ. ಅಷ್ಟರಲ್ಲಿ ಪೂರ್ಣಯ್ಯನವರ ಕಾಲದ ವೆಲ್ಲೆಸ್ಲಿ ಸೇತುವೆ, 1804ರದ್ದು, ಬಂದ್ ಮಾಡಿದ್ದಾರೆ ಅಂತ ವಾಟ್ಸಾಪಲ್ಲಿ ಬಂತು. ಅವ್ವನೇ ಮತ್ತೆ ಫೋನ್ ಮಾಡಿದಳು. "ಸೇತುವೆ ಬಂದ್ ಮಾಡವ್ರಂತೆ, ನೀ ಬರಬ್ಯಾಡ." ಸರಿ ಅವ್ವ ಅಂದೆ. ಹೆದ್ದಾರಿ ಸೇತುವೆ ತೆರೆದೇ ಇತ್ತು, ಕುಳ್ಳ. ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ಫೋನ್ ಇಟ್ಟಾಗ ನನಗೆ ಭಯ ಆಗಬೇಕಿತ್ತು. ಆಗಲಿಲ್ಲ. ಹಾಯ್ ಅನ್ನಿಸಿತು. ಒಂದು ಟೀ ತರಿಸಿಕೊಂಡು ಕುಡಿದೆ.

ಪಕ್ಕದ ಮನೆ ಹುಡುಗ ಬೈಕಿನಲ್ಲಿ ಕೂರಿಸಿಕೊಂಡು ಹೋಗಿ ತೋರಿಸಿಕೊಂಡು ಬಂದ. ಗ್ಯಾಸು ಅಂದರಂತೆ. ಗ್ಯಾಸೇ ಆಗಿತ್ತು.

ಈ ಭಾನುವಾರ ಆ ಮುಳ್ಳಿನ ತೂತು ನೋಡುತ್ತಾ ಹೊಳೆದದ್ದು ಇಷ್ಟು. ಅವ್ವನ ಬೀದಿ ತುದಿಗೇ ಆಸ್ಪತ್ರೆ ಬರಲಿ ಅಂತ ನಾನು ಆಸೆಪಡುತ್ತಿರೋದು ಅವಳಿಗೆ ಹತ್ತಿರ ಆಗಲಿ ಅಂತ ಮಾತ್ರ ಅಲ್ಲ. ಆಸ್ಪತ್ರೆ ಅಲ್ಲಿದ್ದರೆ ನಾನು ಇನ್ನೂ ಕಡಿಮೆ ಹೋಗಬಹುದು. ಮಂಡ್ಯಕ್ಕೆ ಬಾ ಅಂದರೆ ಅವಳು ಬರೋದಿಲ್ಲ, ಅದನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಬರೋದಿಲ್ಲ ಅಂದಾಗೆಲ್ಲ ನಾನು ಎರಡನೇ ಸಲ ಕರೆಯೋದಿಲ್ಲ, ಅದನ್ನು ಯಾರಿಗೂ ಹೇಳಿರಲಿಲ್ಲ. ಈಗ ಹೇಳಿಯಾಯಿತು, ಅದೂ ನಮ್ಮ ಬ್ಯಾಚಿನ ಅಷ್ಟೂ ಜನ ಓದೋ ಕಡೆ. ನಿಮ್ಮತ್ತಿಗೆಯೂ ಓದುತ್ತಾಳೆ. ಓದಿ ಏನೂ ಅನ್ನೋದಿಲ್ಲ. ಅದೇ ಕಷ್ಟ.

ಇದನ್ನೆಲ್ಲ ಅಳಿಸೋಣ ಅಂತ ಎರಡು ಗಂಟೆ ಯೋಚನೆ ಮಾಡಿದೆ. ಅಳಿಸಿದರೆ ಉಳಿಯೋದು ಬರೀ ಸೊಳ್ಳೆ. ಅದಕ್ಕೆ ಬಿಟ್ಟಿದ್ದೇನೆ.

ಕೆಲಸದ ಮಾತು. ಎ ಬೇಡ, ಬಿ ಬೇಡ. ಹೆಲಿಪ್ಯಾಡಿನ ರಸ್ತೆಗೆ ಹತ್ತಿರ, ಬಾವಿಗಳಿಂದ ದೂರ, ಅಂಥ ಸಿ ಜಾಗ ಹುಡುಕು. ನಿನ್ನ ನಕ್ಷೆಯಲ್ಲಿ ಅದು ಯಾರದೋ ತೆಂಗಿನ ತೋಟ, ಹಾಗಾಗಿ ಅವರ ಮನೆಯಲ್ಲಿ ಊಟ ಮಾಡಿದ ಮೇಲೆ ವಿಷಯ ಎತ್ತು. ಒಂದೇ ಅಂತಸ್ತು ಕಟ್ಟು. ಉಪ್ಪು ಗಾಳಿಗೆ ಲಿಫ್ಟ್ ಕೆಟ್ಟರೆ ರಿಪೇರಿಯವನು ಹಡಗಲ್ಲಿ ಬರಬೇಕು. ಸ್ಟ್ರೆಚರ್ ತಿರುಗೋಷ್ಟು ಅಗಲ ಬಿಡು. ಆ ಹಡಗು ದೂರದಲ್ಲಿ ನಿಂತು ದೋಣಿಯಿಂದ ರೋಗಿಯನ್ನು ಹತ್ತಿಸೋ ವಿಡಿಯೋ ಕಳಿಸಿದ್ದೆಯಲ್ಲ, ಅದರಲ್ಲಿ ಸ್ಟ್ರೆಚರ್‌ನ ಕಾಲ ಕಡೆ ಹಿಡಿದಿದ್ದ ಮುದುಕನ ಚಪ್ಪಲಿ ಜಾರಿತು. ಅವನು ಬಗ್ಗಿ ನೋಡಲೂ ಇಲ್ಲ, ಬರಿಗಾಲಲ್ಲೇ ಹಿಡಿದು ನಿಂತ. ಅಂಥವರು ರಾತ್ರಿ ಮಲಗೋಕೆ ಒಂದು ಕೋಣೆ, ಎರಡು ಬಚ್ಚಲು ಸೇರಿಸು. ನಿನ್ನ ನಕ್ಷೆಯಲ್ಲಿ ಜನರೇಟರಿಗೆ ಕೋಣೆ ಇದೆ, ಜೊತೆಗೆ ಬಂದವರಿಗೆ ಇಲ್ಲ.

ನನ್ನ ಫೀಸು: ಒಣ ಸೂರೆ (ಟ್ಯೂನಾ) ಮೀನು, ಒಂದು ಕೆಜಿ. ಮನೆಯಲ್ಲಿ ವಾಸನೆ ಅಂತಾರೆ, ಆಫೀಸಿನ ವಿಳಾಸಕ್ಕೆ ಕಳಿಸು. ಕಬ್ಬಿನ ಗಾಡಿಯ ಬಾಕಿ ಇದರಲ್ಲಿ ಮುರಿದುಕೋಬೇಡ, ಅದು ಬೇರೆ ಖಾತೆ.

ಇಂತಿ ನಿನ್ನ
ಸೋಡಾ ಇಂಜಿನಿಯರ್
ಮಂಡ್ಯ